ಸಹಾಯ ಬೇಕು: ಹುಣಸೆ ಬೀಜಗಳಲ್ಲಿ ಕ್ಯಾಲ್ವಿನ್ ಚಕ್ರ

ಜೀವಶಾಸ್ತ್ರ ಕಲಿಸುವ ಹಿರಿಯರೇ, ದಯವಿಟ್ಟು ದಾರಿ ತೋರಿಸಿ. ಎಲೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಸಕ್ಕರೆಯಾಗಿಸುವ ಬಗೆಯನ್ನು, ಅಂದರೆ ಕ್ಯಾಲ್ವಿನ್ ಚಕ್ರವನ್ನು, ಪ್ರಥಮ ಪಿಯುಸಿ ಮಕ್ಕಳಿಗೆ ಹುಣಸೆ ಬೀಜಗಳಲ್ಲಿ ತೋರಿಸುತ್ತಿದ್ದೇನೆ. ಒಂದು ಬೀಜ ಎಂದರೆ ಒಂದು ಇಂಗಾಲ.

ಐದೈದು ಬೀಜಗಳ ಮೂರು ಗುಂಪು ಇಟ್ಟೆವು. ಅದು ರಿಬ್ಯುಲೋಸ್ ಬಿಸ್‌ಫಾಸ್ಫೇಟ್, ಗಾಳಿಯ ಇಂಗಾಲವನ್ನು ಹಿಡಿಯುವ ಐದು ಇಂಗಾಲದ ಸಕ್ಕರೆ. ರುಬಿಸ್ಕೋ ಕಿಣ್ವದ ಪಾತ್ರ ವಹಿಸಿದ ಹುಡುಗ ಪ್ರತಿ ಗುಂಪಿಗೂ ಒಂದು ಬೀಜ ಸೇರಿಸಿ, ಆರನ್ನು ಮೂರು ಮೂರಾಗಿ ಒಡೆದ. ಒಟ್ಟು 18 ಬೀಜ, ಆರು ಗುಂಪು. ಬೆಳಕಿನಿಂದ ಬಂದ ಶಕ್ತಿಯನ್ನು ಹೊತ್ತ ಎಟಿಪಿ, ಎನ್‌ಎಡಿಪಿಎಚ್ ಅಣುಗಳು ಖರ್ಚಾದ ಮೇಲೆ ಒಂದು ಗುಂಪು ಸಕ್ಕರೆಗೆಂದು ಹೊರಗೆ ಹೋಯಿತು. ಇಲ್ಲಿಯವರೆಗೆ ಮಕ್ಕಳ ಕಣ್ಣು ಅರಳಿತ್ತು.

ಉಳಿದ 15 ಬೀಜಗಳಲ್ಲಿ ಸಿಕ್ಕಿಕೊಂಡೆ. ಅವು ಮತ್ತೆ ಮೊದಲಿನಂತೆ ಐದೈದರ ಮೂರು ಗುಂಪಾಗಬೇಕು. ಒಬ್ಬಳು ಎಲ್ಲವನ್ನೂ ರಾಶಿ ಮಾಡಿ, ಐದೈದು ಎಣಿಸಿಟ್ಟು, "ಇಷ್ಟೇ ಅಲ್ಲವೇ ಮಿಸ್?" ಎಂದಳು. ಲೆಕ್ಕ ಸರಿ, ಆದರೆ ಎಲೆ ಹಾಗೆ ಮಾಡುವುದಿಲ್ಲ. ಮೂರು, ಮೂರು ಸೇರಿ ಆರು. ಆರರಿಂದ ಎರಡು ಮತ್ತೊಂದು ಮೂರಕ್ಕೆ ಹೋಗಿ ನಾಲ್ಕು ಮತ್ತು ಐದು. ನಾಲ್ಕಕ್ಕೆ ಮೂರು ಸೇರಿ ಏಳು. ಏಳರಿಂದ ಎರಡು ಕೊನೆಯ ಮೂರಕ್ಕೆ ಹೋಗಿ ಐದು, ಐದು.

ಪ್ರತಿ ಬಾರಿಯೂ ಎರಡೇ ಇಂಗಾಲ ಏಕೆ ದಾಟುತ್ತವೆ? ಟ್ರಾನ್ಸ್‌ಕೀಟೋಲೇಸ್ ಕಿಣ್ವದ ಈ ಕೆಲಸವನ್ನು ಬಾಯಿಪಾಠ ಮಾಡಿಸದೆ, ಸರಳ ಕನ್ನಡದಲ್ಲಿ ಹೇಗೆ ವಿವರಿಸಲಿ? ಈ ಸಕ್ಕರೆಗಳಿಗೆ ಅಂಟಿಕೊಂಡಿರುವ ಫಾಸ್ಫೇಟಿಗೂ ಬೇರೆ ಕಾಳು ಇಡಬೇಕೇ, ಅದರಿಂದ ಗೊಂದಲ ಹೆಚ್ಚಾದೀತೇ? ತರಗತಿಯಲ್ಲಿ ಮಾಡಿ ನೋಡಿದವರು ತಿಳಿಸಿ. ಸೋಮವಾರ ಇದೇ ಪಾಠ ಮುಂದುವರಿಸಬೇಕಿದೆ.