ಗೌಡನ ಸ್ಪ್ಲೆಂಡರು, ಕಾಕಾನ ಎಂ ಏಟಿ

ಮುಧೋಳದಲ್ಲಿ ಚಹಾ ಅಂಗಡಿ ಮುಂದೆ ಕೂತರೆ ರಾಜಕೀಯ ಬೇಗ ಮುಗಿಯುತ್ತದೆ. ಗಾಡಿಯ ಆ್ಯವರೇಜ್ ಮಾತು ಮುಗಿಯುವುದಿಲ್ಲ. ಮೊನ್ನೆ ಗೌಡ ಬಂದವನೇ ಎದೆ ಉಬ್ಬಿಸಿ ಹೇಳಿದ.

"ಇನ್ನು ನನ್ನ ಗಾಡಿಗೆ ಬಂಕಿನ ಆ ತುಟ್ಟಿ ಪೆಟ್ರೋಲ್, ಎಕ್ಸ್‌ಪಿ 95 ಒಂದೇ. ಸಾದಾ ಪೆಟ್ರೋಲ್ ಬಂದ್."

ಗಾಡಿ ಅಂದರೆ ಹಳೇ ಸ್ಪ್ಲೆಂಡರ್. ಎರಡೂ ಕಡೆ ಹಾಲಿನ ಕ್ಯಾನು.

"ಯಾಕಪಾ?" ಅಂದರು ಕಾಕಾ.

"ಜೋರು ಓಡ್ತದೆ ಕಾಕಾ."

"ಜೋರು ಓಡಿಸು. ಡೇರಿ ಮುಟ್ಟೋ ಹೊತ್ತಿಗೆ ಹಾಲು ಮಜ್ಜಿಗೆ ಆಗಿರ್ತದೆ."

ಪಕ್ಕದಲ್ಲಿ ಕೈ ಒರೆಸಿಕೊಳ್ಳುತ್ತಿದ್ದ ಮಿಸ್ತ್ರಿಗೆ ತಡೆಯಲಾಗಲಿಲ್ಲ. "ಗೌಡ್ರ, 95 ಅಂದ್ರೆ ಸ್ಪೀಡ್ ಅಲ್ರಿ, ಆಕ್ಟೇನ್. ಪಿಸ್ಟನ್ ಪೆಟ್ರೋಲು-ಗಾಳಿ ಎರಡನ್ನೂ ಕೂಡಿಸಿ ಅದುಮ್ತದೆ. ಆಮೇಲೆ ಪ್ಲಗ್ ಕಿಡಿ ಹಚ್ತದೆ. ಆ ಬೆಂಕಿ ಮುಟ್ಟೋ ಮೊದಲೇ ಪೆಟ್ರೋಲ್ ತಾನಾಗಿ ಹತ್ತಿಕೊಂಡ್ರೆ ಟಕಟಕ ಬಡಿತದೆ. ಅದೇ ನಾಕಿಂಗ್. ಹಾಗೆ ಹತ್ತದಂಗೆ ತಡ್ಕೊಳ್ಳೋ ತಾಕತ್ತೇ ಆಕ್ಟೇನ್. ಜಾಸ್ತಿ ಅದುಮೋ ಎಂಜಿನ್ನಿಗೆ ಅದು ಬೇಕು. ನಿಮ್ದು ಸಾದಾ ಪೆಟ್ರೋಲಿಗೇ ಮಾಡಿದ ಎಂಜಿನ್."

"ಎಮ್ಮೆಗೆ ಬಾದಾಮಿ ಹಾಕಿದ್ರೆ ಕೆಚ್ಚಲಿಂದ ಬಾದಾಮಿ ಹಾಲು ಬರೋದಿಲ್ಲ," ಅಂದರು ಕಾಕಾ. ಹಾಲಿನವನಿಗೆ ಇದಕ್ಕಿಂತ ಚೆನ್ನಾಗಿ ಹೇಳೋಕಾಗಲ್ಲ.

"ಹಾಗಾದ್ರೆ ಯಾವ ಗಾಡಿಗೆ ಯಾವುದು ಅಂತ ಗೊತ್ತಾಗೋದು ಹೆಂಗೆ?"

"ಗಾಡಿ ಜೊತೆ ಪುಸ್ತಕ ಕೊಟ್ಟಿರ್ತಾರಲ್ರಿ. ಅದರಲ್ಲಿ ಬರೆದಿರ್ತದೆ."

ಪುಸ್ತಕ ಯಾವಾಗಲೋ ರದ್ದಿಗೆ ಹೋಗಿತ್ತು. (ಆ ಪುಸ್ತಕ ಪೂರ್ತಿ ಓದಿದವನನ್ನು ನಾನಂತೂ ಈವರೆಗೆ ನೋಡಿಲ್ಲ.)

ಅಷ್ಟೊತ್ತು ಪೇಪರ್ ಓದುತ್ತಿದ್ದ ಮಾಸ್ತರು ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ಇನ್ನೊಂದು ಸುತ್ತು ಚಹಾ ಗ್ಯಾರಂಟಿ.

"ಗೌಡ, ನೀನು ಬೇಡ ಅನ್ನೋ ಸಾದಾ ಪೆಟ್ರೋಲೂ ಈಗ ಸಾದಾ ಉಳಿದಿಲ್ಲ. 2014ರಲ್ಲಿ ಅದರೊಳಗೆ ನೂರಕ್ಕೆ ಒಂದೂವರೆ ಪಾಲು ಎಥನಾಲ್ ಇತ್ತು. ಈಗ 20 ಪಾಲು. ಎಥನಾಲ್‌ನ ಆಕ್ಟೇನ್ 108ರ ಆಸುಪಾಸು. ಅದು ಬೆರೆತ ಮೇಲೆ ಸಾದಾ ಪೆಟ್ರೋಲಿನ ಆಕ್ಟೇನೂ 91ರಿಂದ 95ಕ್ಕೆ ಏರಿದೆ ಅಂತ 2025ರಲ್ಲಿ ಪೆಟ್ರೋಲಿಯಂ ಇಲಾಖೆಯವರೇ ಹೇಳಿದ್ದಾರೆ."

ಗೌಡ ಜೇಬು ಮುಟ್ಟಿಕೊಂಡ. "ಅಂದ್ರೆ ನಾನು ಸುಮ್ನೆ ಜಾಸ್ತಿ ರೊಕ್ಕ ಕೊಟ್ಟೆ?"

"ಎಂಜಿನ್ ಕ್ಲೀನ್ ಮಾಡೋ ಔಷಧ ಬೆರೆಸಿರ್ತಾರಪಾ," ಅಂತ ಮಿಸ್ತ್ರಿ ಸಮಾಧಾನ ಮಾಡಿದ. ಗೌಡನಿಗೆ ಸಮಾಧಾನ ಆಗಲಿಲ್ಲ. ಸಿಟ್ಟು ಎಥನಾಲ್ ಮೇಲೆ ತಿರುಗಿತು.

"ಆ್ಯವರೇಜ್ ಬಿದ್ದಿದ್ದು ಈ ಎಥನಾಲ್‌ನಿಂದಲೇ ಅಲ್ವಾ?"

"ಸ್ವಲ್ಪ ಬೀಳ್ತದೆ," ಅಂದರು ಮಾಸ್ತರು. "ಒಂದು ಲೀಟರ್ ಪೆಟ್ರೋಲಿನ ಶಕ್ತಿಯಲ್ಲಿ ಮೂರರಲ್ಲಿ ಎರಡು ಪಾಲು ಮಾತ್ರ ಒಂದು ಲೀಟರ್ ಎಥನಾಲ್‌ನಲ್ಲಿ ಇರೋದು. ಹಳೇ ಬೈಕಿಗೆ ನೂರಕ್ಕೆ ಮೂರು-ನಾಲ್ಕು, ಕಾರಿಗೆ ಆರೇಳು ಕಡಿಮೆ ಆಗಬಹುದು ಅಂತ 2021ರಲ್ಲೇ ನೀತಿ ಆಯೋಗ ಬರೆದಿತ್ತು."

"ಮತ್ತೆ ಯಾಕೆ ಬೆರೆಸ್ತಾರೆ? ಬಂದ್ ಮಾಡಿಸ್ಬೇಕು!"

"ಮಾಡಿಸೋಣ. ಅಂದಹಾಗೆ, ನಿನ್ನ ಹೊಲದಲ್ಲಿ ಏನಿದೆ?"

"ಕಬ್ಬು."

"ಎಥನಾಲ್ ಎಲ್ಲಿಂದ ಬರ್ತದೆ?"

ಗೌಡ ಒಂದು ಗುಟುಕು ಚಹಾ ಕುಡಿದ. ಎದುರಿನ ರಸ್ತೆಯಲ್ಲಿ ಎರಡು ಟ್ರೇಲರ್ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರ್ ಹಾಡು ಹಾಕಿಕೊಂಡು ಫ್ಯಾಕ್ಟರಿ ಕಡೆ ಹೋಯಿತು. ಅದು ದಾಟುವವರೆಗೂ ನೋಡಿದ.

"20 ಸಾಲೋದಿಲ್ಲ ಮಾಸ್ತರ್. 30 ಮಾಡ್ಬೇಕು."

"ಮಾಡ್ಲಿ ಬಿಡು," ಅಂದರು ಕಾಕಾ. "ಈಗ ಗೋವಿನಜೋಳದಿಂದಲೂ ಬೇಕಾದಷ್ಟು ತೆಗೀತಾರಂತೆ. ನನ್ನದು ಅದೇ ಐತಿ." ದೇಶದ ಇಂಧನ ನೀತಿ ಇಷ್ಟು ಬೇಗ ತೀರ್ಮಾನ ಆಗಿದ್ದು ನಾನು ನೋಡಿರಲಿಲ್ಲ. ಬಿಲ್ಲು ಯಾರು ಕೊಡಬೇಕು ಅನ್ನೋದು ಮಾತ್ರ ಬಾಕಿ ಇತ್ತು.

ಆಮೇಲೆ ಕಾಕಾನಿಗೆ ತಮ್ಮ ಹಳೇ ಬಜಾಜ್ ಎಂ ಏಟಿ ನೆನಪಾಯಿತು. "ನನ್ನ ಗಾಡಿಗೇನೂ ಆಗೋದಿಲ್ಲ ಅಲ್ವಾ?"

"ಹಳೇ ರಬ್ಬರ್ ಪೈಪು, ವಾಶರು ನೋಡ್ಕೋಬೇಕು ಕಾಕಾ," ಅಂದ ಮಿಸ್ತ್ರಿ. "ಎಥನಾಲ್‌ಗೆ ಅವು ಬೇಗ ಹಾಳಾಗ್ತಾವೆ. ಮತ್ತೆ ಪೆಟ್ರೋಲ್ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸ್ಬೇಡ್ರಿ. ಅದು ಗಾಳಿಯಲ್ಲಿನ ನೀರು ಎಳ್ಕೊಳ್ತದೆ."

"ಕುಡಿಯೋ ಸೆರೆಯೊಳಗೆ ಇರೋದೂ ಇದೇ ಎಥನಾಲ್ ಅಂತಾರಲ್ಲ?"

"ಇದೇರಿ. ಆದ್ರೆ ಗಾಡಿಗೆ ಹಾಕೋದನ್ನ ಕುಡಿಯೋಕೆ ಬಾರದಂಗೆ ಕೆಡಿಸಿರ್ತಾರೆ. ಆಸೆ ಇಟ್ಕೋಬೇಡ್ರಿ."

"ನನಗಲ್ಲೋ. ಪೊಲೀಸರು ಹಿಡಿದು ವಾಸನೆ ಬರ್ತದೆ ಅಂದ್ರೆ, ಕುಡಿದಿದ್ದು ಗಾಡಿ, ನಾನಲ್ಲ ಅನ್ನಬಹುದಾ?"

"ಹೇಳಿ ನೋಡ್ರಿ. ಬಿಡಿಸ್ಕೊಂಡು ಬರೋಕೆ ಮಾಸ್ತರನ್ನ ಕರೀರಿ, ನನಗೆ ಗ್ಯಾರೇಜಲ್ಲಿ ಕೆಲಸ ಐತಿ."