ಗೋಕರ್ಣದಲ್ಲಿ ಒಬ್ಳೇ ಈಜೋವಾಗ ಫೋನು, ದುಡ್ಡು, ಕೀ ಎಲ್ಲಿಡೋದು

ಮೇಘಾ, ನಿನ್ನ ಪ್ರಶ್ನೆ ಈಗ ನೋಡ್ದೆ. ಒಬ್ಳೇ ಹೋಗ್ತಿದೀನಿ, ನೀರಿಗಿಳಿದಾಗ ಸಾಮಾನು ನೋಡ್ಕೊಳ್ಳೋಕೆ ಯಾರೂ ಇರಲ್ಲ, ಏನ್ ಮಾಡ್ಲಿ ಅಂತ ಕೇಳಿದ್ದೀಯ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳು.

ಮೊದಲು ಭಾವ ಹೇಳಿದ್ದಕ್ಕೆ ಉತ್ತರ ಕೊಟ್ಬಿಡ್ತೀನಿ. ಕವರಲ್ಲಿ ಸುತ್ತಿ ಮರಳಲ್ಲಿ ಹೂತಿಡು ಅಂದ್ರಲ್ಲ ಭಾವ, ಅದು ಬೇಡ. ಅಗೆಯೋದನ್ನ ಕೂತೋರೆಲ್ಲ ನೋಡ್ತಿರ್ತಾರೆ. ಅಲೆ ನಮ್ಮನ್ನ ಪಕ್ಕಕ್ಕೆ ಎಳ್ಕೊಂಡು ಹೋಗಿರುತ್ತೆ, ಇಳಿದ ಜಾಗದಲ್ಲೇ ಮೇಲೆ ಬರಲ್ಲ, ಹೂತಿದ್ದು ಎಲ್ಲಿ ಅಂತಾನೇ ಗೊತ್ತಾಗಲ್ಲ. ಅಷ್ಟರಲ್ಲಿ ಉಬ್ಬರ ಏರಿದ್ರೆ ಮುಗೀತು.

ದಡದಲ್ಲಿ ಬಿಟ್ಟುಹೋಗೋದು ಕಳೆದ್ರೂ ಪರವಾಗಿಲ್ಲ ಅನ್ನೋದು ಮಾತ್ರ. ಟವೆಲ್ಲು, ಚಪ್ಪಲಿ, ನೀರಿನ ಬಾಟಲಿ, ಅಷ್ಟೇ. ಒದ್ದೆ ಮರಳು ಮುಗಿಯೋ ಗೆರೆಗಿಂತ ಮೇಲಿಡು. ತಿಂಡಿ ಇಡ್ಬೇಡ. ಕುಡ್ಲೆ ಬೀಚಲ್ಲಿ ಕಳ್ಳರಿಗಿಂತ ಮುಂಚೆ ದನಗಳು, ನಾಯಿಗಳು ಬ್ಯಾಗಿಗೆ ಬಾಯಿ ಹಾಕ್ತವೆ.

ಚಿನ್ನ ಊರಲ್ಲೇ ಬಿಟ್ಟು ಹೋಗು. ಉಂಗುರಾನೂ ಬೇಡ, ನೀರಿನ ತಂಪಿಗೆ ಬೆರಳು ಸಣ್ಣಗಾಗಿ ಜಾರುತ್ತೆ. ಆಧಾರ್, ಕಾರ್ಡುಗಳು, ಹೆಚ್ಚಿನ ದುಡ್ಡು ರೂಮಿನ ಲಾಕರಲ್ಲಿರಲಿ. ಹಾಸ್ಟೆಲ್ ಲಾಕರಿಗೆ ಬೀಗ ನೀನೇ ತಗೊಂಡು ಹೋಗ್ಬೇಕಾಗಬಹುದು. ನಂಬರ್ ಲಾಕ್ ತಗೋ, ಆಗ ಇನ್ನೊಂದು ಕೀ ಕಾಯೋ ಕೆಲಸ ಇರಲ್ಲ. ಹಿತ್ತಾಳೆದಾದ್ರೆ ಉಪ್ಪುಗಾಳಿಗೆ ತುಕ್ಕು ಹಿಡಿಯಲ್ಲ. ಕೊಂಡಿ ಸಣ್ಣದಿರಲಿ, ದಪ್ಪ ಆದ್ರೆ ಕೆಲವು ಲಾಕರಿನ ತೂತಲ್ಲಿ ಹೋಗಲ್ಲ.

ಬಾಡಿಗೆ ಸ್ಕೂಟರಿನ ಸೀಟಿನಡಿ ಏನೂ ಇಡ್ಬೇಡ. ಸೀಟಿನ ಅಂಚು ಎತ್ತಿ ಕೈ ತೂರಿಸೋದು ಕಷ್ಟದ ಕೆಲಸ ಅಲ್ಲ. ಕೀ ಬರೀ ಲೋಹದ್ದಾದ್ರೆ ದಾರ ಕಟ್ಟಿ ಸೊಂಟದ ಲಾಡಿಗೆ ಗಂಟು ಹಾಕಿ ಜಿಪ್ ಜೇಬಲ್ಲಿಟ್ಕೋ, ಉಪ್ಪುನೀರಿಂದ ಅದಕ್ಕೇನೂ ಆಗಲ್ಲ. ಒಂದು ಐನೂರರ ನೋಟೂ ಅಲ್ಲೇ. ಬಟನ್ ಇರೋ ಸ್ಮಾರ್ಟ್ ಕೀ ಮಾತ್ರ ಮುಳುಗಿಸ್ಬೇಡ.

ಫೋನು ರೂಮಲ್ಲೇ ಇದ್ರೆ ಒಳ್ಳೇದು. ತಗೊಂಡೇ ಹೋಗ್ತೀನಿ ಅಂದ್ರೆ ವಾಟರ್‌ಪ್ರೂಫ್ ಪೌಚ್ ತಗೋ, ಕುತ್ತಿಗೆಗೆ ನೇತುಹಾಕೋದಲ್ಲ, ಸೊಂಟಕ್ಕೆ ಕಟ್ಟೋದು. ಕುತ್ತಿಗೆ ದಾರ ಅಲೆಗೆ ಸಿಕ್ಕಿ ಎಳೆಯುತ್ತೆ. ಮೊದಲು ಫೋನಿಲ್ಲದೆ ಪರೀಕ್ಷೆ ಮಾಡು: ಒಳಗೆ ಒಣಗಿದ ಟಿಶ್ಯೂ ಹಾಕಿ ಮುಚ್ಚಿ, ಬಕೆಟ್ ನೀರಲ್ಲಿ ಅರ್ಧ ಗಂಟೆ ಮುಳುಗಿಸಿಡು. ಟಿಶ್ಯೂ ಒಂದು ಚೂರು ಒದ್ದೆಯಾದ್ರೂ ವಾಪಸ್ ಕೊಟ್ಬಿಡು. ಹೊಸ ಪೌಚ್ ಸೋರೋದು ಕಡಿಮೆ. ಬೀಚಲ್ಲಿ ತೆರೆದು ಮುಚ್ಚಿದಾಗ ಅಂಚಲ್ಲಿ ಒಂದು ಮರಳಿನ ಕಣ ಕೂತ್ರೂ ಅಲ್ಲಿಂದ ನೀರು ನುಗ್ಗುತ್ತೆ. ಹಾಗಾಗಿ ರೂಮಲ್ಲೇ ಮುಚ್ಚಿ, ರೂಮಿಗೆ ಬಂದೇ ತೆಗಿ. ಒಳಗೆ ಸ್ವಲ್ಪ ಗಾಳಿ ಬಿಟ್ಟು ಮುಚ್ಚಿದ್ರೆ ಜಾರಿ ಬಿದ್ರೂ ತೇಲುತ್ತೆ. ಬಕೆಟಲ್ಲಿ ಅದನ್ನೂ ನೋಡ್ಕೋ.

ಫೋನ್ ಮೇಲಿನ ಐಪಿ 68 (ನೀರು, ಧೂಳು ತಡೆಯುತ್ತೆ ಅನ್ನೋ ರೇಟಿಂಗ್) ನಂಬಿ ಸಮುದ್ರಕ್ಕಿಳೀಬೇಡ, ಆ ಪರೀಕ್ಷೆ ಮಾಡೋದು ಸಿಹಿನೀರಲ್ಲಿ. ಉಪ್ಪುನೀರು ತಾಗಿದ್ರೆ ಆಫ್ ಮಾಡಿ, ಪೂರ್ತಿ ಒಣಗೋವರೆಗೂ ಚಾರ್ಜ್‌ಗೆ ಹಾಕ್ಬೇಡ. ಅಕ್ಕಿ ಡಬ್ಬಿ ಬೇಡ, ಅದರ ಪುಡಿ ಪೋರ್ಟಲ್ಲಿ ಸೇರುತ್ತೆ.

ಬ್ಯಾಗ್ ಇದ್ದೇ ಇದೆ ಅಂದ್ರೆ ಕುಡ್ಲೆಯಲ್ಲೋ ಓಂ ಬೀಚಲ್ಲೋ ಶ್ಯಾಕಲ್ಲಿ (ದಡದ ಗುಡಿಸಲು ಹೋಟೆಲ್) ಏನಾದ್ರೂ ಆರ್ಡರ್ ಮಾಡಿ, ಕೌಂಟರಲ್ಲಿರೋರ ಹತ್ರ ಕೇಳಿ ಕೊಡು. ಪಕ್ಕದ ಟೂರಿಸ್ಟ್‌ಗೆ "ಸ್ವಲ್ಪ ನೋಡ್ಕೊಳ್ಳಿ" ಅಂದ್ರೆ ಅವರೂ ಎದ್ದು ಹೋಗ್ಬಹುದು. ಹಾಫ್ ಮೂನ್, ಪ್ಯಾರಡೈಸ್ ಬೀಚಿಗೆ ಕಾಲ್ದಾರೀಲಿ ಇಲ್ಲಾಂದ್ರೆ ದೋಣೀಲಿ ಹೋಗ್ಬೇಕು, ಬೆಲೆಬಾಳೋದು ಏನೂ ಇಲ್ಲದೆ ಹೋಗೋದೇ ವಾಸಿ.

ಈಗ ಮುಖ್ಯ ವಿಷಯ. ಫೋನ್ ಕದ್ದೋನು ಫೋನ್ ತೆರೀಬೇಕಂತೇನಿಲ್ಲ. ನಿನ್ನ ಸಿಮ್ ತೆಗೆದು ಅವನ ಫೋನಿಗೆ ಹಾಕಿದ್ರೆ ನಿನ್ನ ಓಟಿಪಿಗಳೆಲ್ಲ ಅವನಿಗೆ ಬರುತ್ತೆ. ಅದಕ್ಕೆ ಸಿಮ್ ಪಿನ್ ಹಾಕು, ಆಗ ಬೇರೆ ಫೋನಿಗೆ ಹಾಕಿದ್ರೂ ಆ ಪಿನ್ ಒತ್ತದೆ ಸಿಮ್ ಕೆಲಸ ಮಾಡಲ್ಲ. ಸೆಟ್ಟಿಂಗ್ಸಲ್ಲಿ "ಸಿಮ್ ಲಾಕ್" ಅಂತ ಹುಡುಕು. ಮೊದಲು ಸಿಮ್ ಕಂಪನಿ ಇಟ್ಟಿರೋ ಹಳೇ ಪಿನ್ ಕೇಳುತ್ತೆ. ಊಹೆ ಮಾಡಿ ಒತ್ಬೇಡ, ಮೂರು ಸಲ ತಪ್ಪಾದ್ರೆ ಸಿಮ್ ಲಾಕಾಗಿ ಪಿಯುಕೆ (ಲಾಕ್ ಬಿಡಿಸೋಕೆ ಕಂಪನಿ ಕೊಡೋ ಕೋಡ್) ಕೇಳುತ್ತೆ, ಅದೂ ಹತ್ತು ಸಲ ತಪ್ಪಾದ್ರೆ ಸಿಮ್ಮೇ ಸತ್ತಂತೆ. ಕಸ್ಟಮರ್ ಕೇರಿಗೆ ಕೇಳಿ ಹಾಕು. ಲಾಕ್ ಸ್ಕ್ರೀನ್ ಮೇಲೆ ಮೆಸೇಜ್ ಕಾಣದ ಹಾಗೂ ಮಾಡು. ಕಾರ್ಡಲ್ಲಿ 5,000 ರೂಪಾಯಿವರೆಗೆ ಪಿನ್ ಇಲ್ಲದೆ ಟ್ಯಾಪ್ ಮಾಡಿ ಖರ್ಚು ಮಾಡಬಹುದು, ಬ್ಯಾಂಕ್ ಆ್ಯಪಲ್ಲಿ ಅದನ್ನ ಆಫ್ ಮಾಡಿ ಹೋಗು.

ಒಬ್ಳೇ ಇದ್ದಾಗಿನ ತೊಂದ್ರೆ ಇನ್ನೊಂದಿದೆ. ಕಳೆದ ಫೋನ್ ಹುಡುಕೋಕೆ, ಲಾಕ್ ಮಾಡೋಕೆ ಅಂತ ಬೇರೆಯವರ ಫೋನಿಂದ ಗೂಗಲ್‌ಗೆ ಲಾಗಿನ್ ಆಗೋಕೆ ಹೋದ್ರೆ ಕೋಡ್ ಕಳೆದ ಫೋನಿಗೇ ಹೋಗುತ್ತೆ! ಟೂ ಸ್ಟೆಪ್ (ಪಾಸ್‌ವರ್ಡ್ ಆದ್ಮೇಲೆ ಇನ್ನೊಂದು ಕೋಡ್ ಕೇಳೋದು) ಹಾಕಿದ್ರೆ ಗೂಗಲ್ 8 ಅಂಕಿಯ ಹತ್ತು ಬ್ಯಾಕಪ್ ಕೋಡ್ ಕೊಡುತ್ತೆ, ಅವನ್ನ ಕಾಗದದಲ್ಲಿ ಬರ್ಕೊಂಡು ಲಾಕರಲ್ಲಿಡು. ಜೊತೆಗೆ ಅಮ್ಮನ ನಂಬರ್, ಬ್ಯಾಂಕ್ ಸಹಾಯವಾಣಿ, *#06# ಒತ್ತಿದ್ರೆ ಬರೋ ಐಎಂಇಐ, ಅಂದ್ರೆ ಫೋನಿನ ಗುರುತಿನ ನಂಬರ್. ಕಳೆದ್ರೆ ಮೊದಲು ಬ್ಯಾಂಕಿಗೆ ಹೇಳಿ ಯುಪಿಐ, ಕಾರ್ಡ್ ನಿಲ್ಲಿಸು, ಆಮೇಲೆ ಸಿಮ್ ಬ್ಲಾಕ್, ಆಮೇಲೆ ಗೋಕರ್ಣ ಠಾಣೆಯಲ್ಲಿ ದೂರು. ದೂರಿನ ಪ್ರತಿ ಬಿಡ್ಬೇಡ, ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಲ್ಲಿ ಫೋನ್ ಬ್ಲಾಕ್ ಮಾಡೋಕೆ ಬೇಕು. ಖಾತೆಯಿಂದ ದುಡ್ಡು ಹೋಗಿದ್ರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡು.

ನೀರಲ್ಲಿ ನಿಂತು ಬ್ಯಾಗ್ ನೋಡೋಕೆ ಅಂತ ಅಲೆಗೆ ಬೆನ್ನು ಹಾಕ್ಬೇಡ, ಬೀಳಿಸೋ ಅಲೆ ಹಿಂದಿಂದಾನೇ ಬರೋದು. ಕೆಂಪು ಬಾವುಟ ಇದ್ರೆ, ಇಲ್ಲಾ ಲೈಫ್‌ಗಾರ್ಡ್ ಬೇಡ ಅಂದ್ರೆ ಇಳಿಯೋದೇ ಬೇಡ.

ಪೌಚ್ ಹೋಗೋ ಹಿಂದಿನ ದಿನ ತಗೋಬೇಡ, ಈ ವಾರಾನೇ ತಗೋ, ಸೋರಿದ್ರೆ ಬದಲಾಯಿಸೋಕೆ ಟೈಮಿರುತ್ತೆ. ಸಿಮ್ ಪಿನ್ ಕೂಡ ಮನೇಲೇ ಹಾಕು, ಒಂದ್ಸಲ ಫೋನ್ ಆಫ್ ಮಾಡಿ ಆನ್ ಮಾಡಿ ಕೇಳುತ್ತಾ ನೋಡು. ಸಿಮ್ ಲಾಕ್ ಎಲ್ಲಿದೆ ಅಂತ ಸಿಗ್ಲಿಲ್ಲ ಅಂದ್ರೆ ಫೋನ್ ಮಾಡೆಲ್ ಇಲ್ಲೇ ಹಾಕು, ಹೇಳ್ತೀನಿ.