ಬಾರ್ ಪೆಂಡುಲಂನಲ್ಲಿ ಜಿ 9.78 ಬಂತು, ರೆಕಾರ್ಡಿನಲ್ಲಿ ಕೆಂಪು ಗೆರೆ ಬಿತ್ತು. ನಾನು ಮಾಡಿದ್ದು ತಪ್ಪಾ?

ಅರಕಲಗೂಡು ಹುಡುಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ಮೊದಲ ಸೆಮಿಸ್ಟರ್ ಓದ್ತಿದ್ದೀನಿ, ಹಾಸನದಲ್ಲಿ. ಹತ್ತರವರೆಗೆ ಕನ್ನಡ ಮೀಡಿಯಂ. ಅದಕ್ಕೇ ಇಂಗ್ಲಿಷಿನಲ್ಲಿ ಸರಿಯಾಗಿ ಕೇಳೋಕೆ ಬರಲ್ಲ, ಇಲ್ಲಿ ಕೇಳ್ತಿದ್ದೀನಿ.

ಮೆಕ್ಯಾನಿಕ್ಸ್ ಲ್ಯಾಬಿನಲ್ಲಿ ನಮ್ಮ ಮೊದಲ ಪ್ರಯೋಗ ಬಾರ್ ಪೆಂಡುಲಂ. ಜಿ, ಅಂದರೆ ಗುರುತ್ವದ ವೇಗೋತ್ಕರ್ಷ (ಮೀಟರ್/ಸೆಕೆಂಡ್²), ಕಂಡುಹಿಡಿಯೋದು. ಒಂದು ಮೀಟರಿನ ಕಬ್ಬಿಣದ ಪಟ್ಟಿ, ಉದ್ದಕ್ಕೂ ತೂತು. ಒಂದೊಂದೇ ತೂತಿಗೆ ನೈಫ್ ಎಡ್ಜ್ (ಪಟ್ಟಿ ತೂಗೋ ಚೂಪು ಅಂಚಿನ ಆಸರೆ) ಸಿಕ್ಕಿಸಿ, ತೂಗಿಬಿಟ್ಟು, 20 ಆಂದೋಲನಕ್ಕೆ ಎಷ್ಟು ಸೆಕೆಂಡು ಅಂತ ಸ್ಟಾಪ್‌ವಾಚಿನಲ್ಲಿ ನೋಡೋದು. ಆಮೇಲೆ ಗ್ರಾಫ್. ಎರಡು ಕಮಾನು ಬರ್ತವೆ, ಅಡ್ಡ ಗೆರೆ ಎಳೆದರೆ ನಾಲ್ಕು ಕಡೆ ಕತ್ತರಿಸುತ್ತೆ, ಅದರಿಂದ ಎಲ್ (ಇದಕ್ಕೆ ಸಮನಾದ ಸಾದಾ ಲೋಲಕದ ಉದ್ದ) ತೆಗೆದು ಜಿ = 4ಪೈ² ಎಲ್ / ಟಿ², ಟಿ ಅಂದರೆ ಒಂದು ಆಂದೋಲನದ ಕಾಲ. ಮಾಡಿದವರಿಗೆ ಗೊತ್ತಿರುತ್ತೆ.

ನಾನು ನಾಲ್ಕು ಅಡ್ಡ ಗೆರೆ ಎಳೆದೆ. ಬಂದಿದ್ದು 9.71, 9.84, 9.76, 9.81. ಸರಾಸರಿ 9.78. ಒಂದು ರೀಡಿಂಗನ್ನೂ ತಿದ್ದಿಲ್ಲ, ಅಮ್ಮನಾಣೆ. ರೆಕಾರ್ಡ್ ಪುಸ್ತಕ ತೋರಿಸಿದ್ದಕ್ಕೆ ಲ್ಯಾಬಿನ ಸರ್ 9.78ರ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ 9.81 ಅಂತ ಬರೆದರು. ಹತ್ತಕ್ಕೆ ಏಳು ಅಂಕ. ನನ್ನ ಬೆಂಚಿನವಳಿಗೆ ಒಂಬತ್ತೂವರೆ. ಅವಳು 9.81 ಮೊದಲು ಬರೆದುಕೊಂಡು ಅಲ್ಲಿಂದ ಹಿಂದಕ್ಕೆ ಟಿ ಲೆಕ್ಕ ಹಾಕಿದ್ದು, ನಾನೇ ನೋಡಿದ್ದೀನಿ. ಪಕ್ಕದ ಬ್ಯಾಚಿನ ಹುಡುಗನಿಗೆ 10.84 ಬಂತು, ಪಾಪ ಅವನು ಮಾತಾಡದೆ ಮನೆಗೆ ಹೋದ.

ನನ್ನ ಪ್ರಶ್ನೆ ಇಷ್ಟೆ: 9.78 ತಪ್ಪಾ? ಗೂಗಲ್ ಮಾಡಿದರೆ ಬೆಂಗಳೂರಿನಲ್ಲಿ 9.78 ಅಂತಲೇ ತೋರಿಸ್ತಿದೆ. ಅಂದಮೇಲೆ ನಾನೇ ಸರಿ ತಾನೆ? ಇದನ್ನ ಅವರ ಹತ್ತಿರ ಹೇಗೆ ಹೇಳೋದು?

ಲಾಸ್ಟ್ ಬೆಂಚ್ ಲೋಕೇಶ

ತಂಗಿ, ನಾನು ಫೈನಲ್ ಇಯರ್. ಮೂರು ವರ್ಷದ ಅನುಭವ ಬಿಟ್ಟಿಯಾಗಿ ಕೊಡ್ತೀನಿ: 9.79 ಬರಿ. 9.81 ಬರೆದರೆ ಕದ್ದಿದ್ದು ಅಂತ ಗೊತ್ತಾಗುತ್ತೆ, 9.78 ಬರೆದರೆ ಗೆರೆ ಬೀಳುತ್ತೆ. 9.79ಕ್ಕೆ ಯಾರೂ ತಕರಾರು ಮಾಡಿದ್ದು ನಾನು ನೋಡಿಲ್ಲ. 😄

ನಿವೃತ್ತ ಮೇಡಂ, ಶಿವಮೊಗ್ಗ

ಲೋಕೇಶಪ್ಪ, ನಿನ್ನಂಥವರ ರೆಕಾರ್ಡನ್ನು ಮೂವತ್ತು ವರ್ಷ ತಿದ್ದಿದ್ದೇನೆ. 9.79ಕ್ಕೂ ಗೆರೆ ಎಳೆದಿದ್ದೇನೆ.

ಅಮ್ಮಾ ಅರಕಲಗೂಡಿನವಳೇ, ನಿನಗೆ ಖುಷಿಯಾಗುವ ಮಾತು ಮೊದಲು. ಹಾಸನದಲ್ಲಿ ಜಿ 9.78 ಅನ್ನುವುದು ನಿಜ. ಸಮಭಾಜಕದ ಮೇಲೆ 9.780, ಧ್ರುವದಲ್ಲಿ 9.832. ನಾವು ಇರುವುದು 13ನೇ ಅಕ್ಷಾಂಶದ ಆಸುಪಾಸು, ಸಮಭಾಜಕಕ್ಕೇ ಹತ್ತಿರ. ಮಂಗಳೂರಿನ ಕಡಲ ಮಟ್ಟದಲ್ಲಿ ಸುಮಾರು 9.783, ಘಟ್ಟ ಹತ್ತಿ ಮೇಲೆ ಬಂದರೆ ಸಾವಿರ ಮೀಟರಿಗೆ 0.003ರಷ್ಟು ಕಡಿಮೆಯಾಗಿ 9.780. ಪುಸ್ತಕದ 9.81 ಯುರೋಪಿನ ಕಡೆಯ ಸಂಖ್ಯೆ. 1901ರಲ್ಲಿ ಒಪ್ಪಿಕೊಂಡ ಶಿಷ್ಟ ಮೌಲ್ಯ 9.80665 ಕೂಡ 45ನೇ ಅಕ್ಷಾಂಶವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದು. ನಮ್ಮ ಲ್ಯಾಬುಗಳ ಗೋಡೆಯ ಮೇಲೆ ಅದನ್ನು ಯಾರು ಬರೆದಿಟ್ಟರೋ, ಒರೆಸುವವರು ಮಾತ್ರ ಹುಟ್ಟಲಿಲ್ಲ.

ಈಗ ಖುಷಿಯಾಗದ ಮಾತು. ಊರಿನ ಜಿ 9.78 ಇರಬಹುದು, ಆದರೆ ನಿನ್ನ ಪ್ರಯೋಗಕ್ಕೆ ಅದು ಗೊತ್ತಿಲ್ಲ. ನಾಲ್ಕು ಗೆರೆಗಳನ್ನು ಇನ್ನೊಮ್ಮೆ ನೋಡು. ಒಂದು 9.71 ಅನ್ನುತ್ತದೆ, ಇನ್ನೊಂದು 9.84. ನಾಲ್ಕನೆಯದು ಸಾಕ್ಷಾತ್ 9.81! ನಿನ್ನ ಪರವಾಗಿ ಕರೆದ ಸಾಕ್ಷಿಯೇ ಎದುರು ಪಾರ್ಟಿಯ ಕಡೆ ಮಾತಾಡುತ್ತಿದೆಯಲ್ಲಮ್ಮ.

ಲೆಕ್ಕ ಹಾಕಿ ನೋಡು. 20 ಆಂದೋಲನಕ್ಕೆ ಸುಮಾರು 32 ಸೆಕೆಂಡು ಬಂದಿರಬೇಕು. ಬಟನ್ ಒತ್ತುವ ಬೆರಳಿನ ಹೆಚ್ಚುಕಮ್ಮಿ 0.1 ಸೆಕೆಂಡು ಅಂತಿಟ್ಟುಕೋ. ಅದು ಶೇ. 0.3. ಸೂತ್ರದಲ್ಲಿ ಟಿಗೆ ವರ್ಗ ಇರುವುದರಿಂದ ಜಿಯಲ್ಲಿ ಇಮ್ಮಡಿ, ಶೇ. 0.6, ಅಂದರೆ 0.06. ಸ್ಟಾಪ್‌ವಾಚು ನೂರನೇ ಒಂದು ಸೆಕೆಂಡು ತೋರಿಸಿದ ಮಾತ್ರಕ್ಕೆ ನಿನ್ನ ಬೆರಳು ಅಷ್ಟು ಚುರುಕಾಗುವುದಿಲ್ಲ.

ಗ್ರಾಫಿನ ಪಾಪ ಇನ್ನೂ ದೊಡ್ಡದು. ಒಂದು ಸೆಂಟಿಮೀಟರಿಗೆ ಐದು ಸೆಂಟಿಮೀಟರ್ ಅಂತ ಸ್ಕೇಲ್ ತೆಗೆದುಕೊಂಡಿರುತ್ತೀ, ಎಲ್ಲರೂ ಹಾಗೆಯೇ, ಇಲ್ಲದಿದ್ದರೆ ಹಾಳೆ ಸಾಲುವುದಿಲ್ಲ. ಆಗ ಒಂದು ಸಣ್ಣ ಚೌಕ ಅಂದರೆ ಅರ್ಧ ಸೆಂಟಿಮೀಟರು. ಎಲ್ ಇರುವುದು 63 ಸೆಂಟಿಮೀಟರ್ ಚಿಲ್ಲರೆ. ಒಂದು ಸಣ್ಣ ಚೌಕ ಆಚೆ ಓದಿದರೆ ಶೇ. 0.8. ಪೆನ್ಸಿಲ್ ಮೊಂಡಾಗಿದ್ದರೆ ಮುಗಿಯಿತು. ಇವೆಲ್ಲ ಸೇರಿದ ಮೇಲೆ ನೀನು ಬರೆಯಬಹುದಾದದ್ದು 9.78, ಹೆಚ್ಚು ಅಥವಾ ಕಡಿಮೆ 0.06 ಅಂತ. ಅದರೊಳಗೆ 9.78ಕ್ಕೂ ಜಾಗ ಇದೆ, 9.81ಕ್ಕೂ ಜಾಗ ಇದೆ. ಕೆಂಪು ಪೆನ್ನು ಹಿಡಿದವರೂ ತಪ್ಪು, 'ನಾನೇ ಸರಿ' ಅನ್ನುವ ನೀನೂ ಪೂರ್ತಿ ಸರಿಯಲ್ಲ.

10.84 ಬಂದ ಹುಡುಗನಿಗೆ ಒಂದು ಮಾತು ಹೇಳು: ನೀನು ಬಟನ್ ಒತ್ತುವಾಗ 'ಒಂದು' ಅಂದೆಯಾ ಅಂತ ಕೇಳು. 'ಸೊನ್ನೆ' ಅನ್ನಬೇಕು. 'ಒಂದು' ಅಂತ ಶುರುಮಾಡಿ 'ಇಪ್ಪತ್ತು' ಅಂದಾಗ ನಿಲ್ಲಿಸಿದರೆ ಆಗಿರುವುದು 19 ಆಂದೋಲನ. 20ನ್ನು 19ರಿಂದ ಭಾಗಿಸಿ ವರ್ಗ ಮಾಡಿದರೆ 1.108. 9.78ಕ್ಕೆ ಗುಣಿಸಲಿ, ಅವನ ಉತ್ತರ ಅವನಿಗೇ ಸಿಗುತ್ತದೆ. ನಿಮ್ಮ ಇಡೀ ತರಗತಿಯಲ್ಲಿ ಅತ್ಯಂತ ಪ್ರಾಮಾಣಿಕ ರೀಡಿಂಗ್ ಬಹುಶಃ ಅವನದೇ.

ಅರಕಲಗೂಡು ಹುಡುಗಿ

ಮೇಡಂ, ಓದಿ ಒಂದು ಗಳಿಗೆ ಬೇಜಾರಾಯ್ತು. ಆಮೇಲೆ ಗ್ರಾಫ್ ತೆಗೆದು ನೋಡಿದೆ. ಸ್ಕೇಲು ನೀವು ಹೇಳಿದ್ದೇ. ಪೆನ್ಸಿಲ್ಲೂ ಮೊಂಡೇ.

ಆ ಹುಡುಗನನ್ನೂ ಕೇಳಿದೆ. 'ಒಂದು' ಅಂತಲೇ ಶುರುಮಾಡಿದ್ದನಂತೆ! 1.108ರಿಂದ ಗುಣಿಸಿ ತೋರಿಸಿದ್ದಕ್ಕೆ ಕ್ಯಾಂಟೀನಿನಲ್ಲಿ ಟೀ ಕೊಡಿಸಿದ.

ಇನ್ನೊಂದು ಡೌಟು. ಇಲ್ಲಿ ಜಿ ಕಡಿಮೆ ಯಾಕೆ? ಪಿಯುಸಿಯಲ್ಲಿ ಜಿಎಂ (ಗುರುತ್ವ ಸ್ಥಿರಾಂಕ ಗುಣಿಸು ಭೂಮಿಯ ದ್ರವ್ಯರಾಶಿ) ಭಾಗಿಸು ಆರ್ (ಭೂಮಿಯ ತ್ರಿಜ್ಯ) ವರ್ಗ ಅಂತ ಮಾಡಿ 9.8 ತಂದು ಬಿಟ್ಟುಬಿಟ್ಟರು.

ನಿವೃತ್ತ ಮೇಡಂ, ಶಿವಮೊಗ್ಗ

ಎರಡು ಕಾರಣ. ಭೂಮಿ ತಿರುಗುತ್ತಿದೆ, ನಾವೂ ಅದರ ಜೊತೆ ವೃತ್ತದಲ್ಲಿ ಸುತ್ತುತ್ತಿದ್ದೇವೆ. ಗುರುತ್ವದ ಒಂದು ಪಾಲು ನಮ್ಮನ್ನು ಆ ವೃತ್ತದಲ್ಲಿ ಹಿಡಿದಿಡುವುದಕ್ಕೇ ಖರ್ಚಾಗುತ್ತದೆ. ಸಮಭಾಜಕದಲ್ಲಿ ಆ ಖರ್ಚು 0.034. ಧ್ರುವದಲ್ಲಿ ಸೊನ್ನೆ. ಉಳಿದ 0.018 ಭೂಮಿಯ ಆಕಾರದಿಂದ: ಸಮಭಾಜಕದ ತ್ರಿಜ್ಯ 6378 ಕಿಲೋಮೀಟರ್, ಧ್ರುವದ್ದು 6357. ನಾವು ಭೂಮಿಯ ಕೇಂದ್ರದಿಂದ ಸ್ವಲ್ಪ ದೂರ ಕೂತಿದ್ದೇವೆ. ಉಬ್ಬಿದ ಭಾಗದ ದ್ರವ್ಯರಾಶಿಯೂ ತನ್ನ ಪಾಲು ಎಳೆಯುವುದರಿಂದ ಬರೀ ಆರ್ ವರ್ಗ ಹಾಕಿದರೆ 0.018 ಸರಿಯಾಗಿ ಬರುವುದಿಲ್ಲ. ಅದನ್ನು ಮುಂದಿನ ವರ್ಷಕ್ಕೆ ಇಟ್ಟುಕೋ.

ಗಡಿಯಾರದಂಗಡಿ ಮಗ, ಮೈಸೂರು

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಾನು ಓದಿದ್ದು ಬಿಕಾಂ. ಆದರೆ ನಮ್ಮಪ್ಪ ನಲವತ್ತು ವರ್ಷ ಲೋಲಕದ ಗಡಿಯಾರ ರಿಪೇರಿ ಮಾಡಿದವರು, ನಾನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಬೆಳೆದವನು.

ಲೋಲಕದ ಗುಂಡಿನ ಕೆಳಗೆ ಒಂದು ಪುಟ್ಟ ನಟ್ಟು ಇರುತ್ತೆ. ಅದನ್ನ ಮೇಲಕ್ಕೆ ತಿರುಗಿಸಿದರೆ ಗುಂಡು ಮೇಲೇರಿ ಗಡಿಯಾರ ಮುಂದೆ ಓಡುತ್ತೆ, ಕೆಳಗಿಳಿಸಿದರೆ ಹಿಂದೆ ಬೀಳುತ್ತೆ. ಅಪ್ಪ ಒಂದು ಮಾತು ಹೇಳ್ತಿದ್ದರು: 'ವಿಲಾಯತಿಯಿಂದ ಬಂದ ಗಡಿಯಾರಕ್ಕೆ ನಮ್ಮೂರಿನಲ್ಲಿ ಸೋಮಾರಿತನ ಹತ್ತುತ್ತೆ, ನಟ್ಟು ಮೇಲಕ್ಕೆ ತಿರುವು.' ಎಣ್ಣೆ ಗಟ್ಟಿಯಾಗಿರುತ್ತೆ, ಅದಕ್ಕೆ ಅಂತ ನಾನು ಅಂದುಕೊಂಡಿದ್ದೆ. ಈಗ ಇದನ್ನೆಲ್ಲ ಓದಿ ಕೂತು ಲೆಕ್ಕ ಹಾಕಿದೆ. ಲಂಡನ್ನಿನಲ್ಲಿ 9.812, ಇಲ್ಲಿ 9.780. ವ್ಯತ್ಯಾಸ ಶೇಕಡಾ ಎಷ್ಟೋ ಅದರ ಅರ್ಧ ಪಾಲು ಕಾಲಕ್ಕೆ. 86,400 ಸೆಕೆಂಡಿನಲ್ಲಿ ಸುಮಾರು 140 ಸೆಕೆಂಡು ಹಿಂದೆ. ದಿನಕ್ಕೆ ಎರಡು ನಿಮಿಷದ ಮೇಲೆ! ಲೆಕ್ಕ ಸರೀನಾ ಮೇಡಂ?

ನಿವೃತ್ತ ಮೇಡಂ, ಶಿವಮೊಗ್ಗ

ಸರಿ ಇದೆ. ನಿಮ್ಮ ತಂದೆಯವರಿಗಿಂತ ಮುಂಚೆ ಇದನ್ನು ಕಂಡು ತಲೆ ಕೆಡಿಸಿಕೊಂಡವನು ಜಾನ್ ರಿಷೆ ಅನ್ನುವ ಫ್ರೆಂಚ್ ಖಗೋಳಜ್ಞ. 1672ರಲ್ಲಿ ಪ್ಯಾರಿಸ್ಸಿನಿಂದ ದಕ್ಷಿಣ ಅಮೆರಿಕದ ಕಯೆನ್ನಿಗೆ ಹೋದ. ಅದು ಸಮಭಾಜಕದಿಂದ ಬರೀ ಐದು ಡಿಗ್ರಿ ದೂರ. ಪ್ಯಾರಿಸ್ಸಿನಲ್ಲಿ ಸರಿಹೊಂದಿಸಿದ್ದ ಗಡಿಯಾರ ಅಲ್ಲಿ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಸೆಕೆಂಡಿಗೊಮ್ಮೆ ಬಡಿಯುವ ಆ ಲೋಲಕದ ಉದ್ದವನ್ನು ಸುಮಾರು 2.8 ಮಿಲಿಮೀಟರು ಕಡಿಮೆ ಮಾಡಬೇಕಾಯಿತು. ಒಂದು ಮೀಟರಿನಲ್ಲಿ ಮೂರು ಮಿಲಿಮೀಟರೂ ಇಲ್ಲ. ಅವನು ಅದನ್ನು ತನ್ನ ಕೈತಪ್ಪು ಅಂದುಕೊಂಡು ಪ್ಯಾರಿಸ್ಸಿನ ಉತ್ತರಕ್ಕೇ ತಿದ್ದಿ ಬರೆದುಕೊಂಡಿದ್ದರೆ? (ಲೋಕೇಶಪ್ಪ, ಕೇಳಿಸಿಕೋ.) ಹಾಗೆ ಮಾಡಲಿಲ್ಲ. ನ್ಯೂಟನ್ ಮುಂದೆ ಇದನ್ನೇ ಹಿಡಿದು, ಭೂಮಿ ನಡುವಿನಲ್ಲಿ ಉಬ್ಬಿದೆ ಅನ್ನುವ ತನ್ನ ವಾದಕ್ಕೆ ಆಧಾರ ಮಾಡಿಕೊಂಡ.

ಬೇಸಿಗೆಯಲ್ಲಿ ನಿಮ್ಮ ಅಂಗಡಿಗೆ ಗಿರಾಕಿ ಜಾಸ್ತಿ ಬರುತ್ತಿದ್ದರಾ? ಹಿತ್ತಾಳೆ ಸರಳು ಹತ್ತು ಡಿಗ್ರಿ ಬಿಸಿಯಾದರೆ ದಿನಕ್ಕೆ ಎಂಟು ಸೆಕೆಂಡು ಹಿಂದೆ ಬೀಳುತ್ತದೆ.

ಅಮ್ಮಾ ಹುಡುಗಿ, 9.78 ಮತ್ತು 9.81ರ ಜಗಳ ನಿಜವಾಗಿ ತೀರಬೇಕಾದರೆ ಬಾರ್ ಪೆಂಡುಲಂ ಬಿಡು. ಉದ್ದನೆಯ ಲೋಲಕ ಕಟ್ಟು. ಉದ್ದ ಹೆಚ್ಚಿದಷ್ಟೂ ನಿಧಾನ, ನಿಧಾನವಾದಷ್ಟೂ ಬೆರಳಿನ ತಪ್ಪು ಚಿಕ್ಕದಾಗುತ್ತದೆ. ಮೂರ್ನಾಲ್ಕು ಮೀಟರ್ ಎತ್ತರದ, ಗಾಳಿ ಆಡದ ಜಾಗ ಬೇಕು. ಬಾವಿ ಹಗ್ಗ ಬೇಡ, ಅದು ಹಿಗ್ಗುತ್ತದೆ. 50 ಆಂದೋಲನ ಎಣಿಸು. ತುದಿಯಲ್ಲಿ ನಿಂತಾಗ ಬಟನ್ ಒತ್ತಬೇಡ, ಅಲ್ಲಿ ಅದು ಸೋಮಾರಿ, ಯಾವಾಗ ತಿರುಗಿತು ಅಂತಲೇ ತಿಳಿಯದು. ನಡುವೆ ವೇಗವಾಗಿ ಹಾದುಹೋಗುವಾಗ ಒತ್ತು. ಜಾಸ್ತಿ ಎಳೆದು ಬಿಡಬೇಡ. ಹತ್ತು ಡಿಗ್ರಿ ಎಳೆದರೇ ಜಿ 0.04ರಷ್ಟು ಕಡಿಮೆ ಬರುತ್ತದೆ, ಆಗ ಕಷ್ಟಪಟ್ಟಿದ್ದೆಲ್ಲ ನೀರಿನಲ್ಲಿ ಹೋಮ.

ತೂಕದ ಗುರುತ್ವ ಕೇಂದ್ರ ಎಲ್ಲಿದೆ ಅಂತ ಒದ್ದಾಡಲೂ ಬೇಡ. ಒಂದು ಉದ್ದಕ್ಕೆ ಮಾಡು, ತಂತಿಯನ್ನು ಸರಿಯಾಗಿ ಎರಡು ಮೀಟರ್ ಮೇಲೆತ್ತಿ ಇನ್ನೊಮ್ಮೆ ಮಾಡು. ಎರಡೂ ಟಿಗಳ ವರ್ಗದ ವ್ಯತ್ಯಾಸ ತೆಗೆದುಕೋ, ಉದ್ದದ ವ್ಯತ್ಯಾಸವನ್ನು ಅದರಿಂದ ಭಾಗಿಸಿ 4ಪೈ²ರಿಂದ ಗುಣಿಸು. ಕೇಂದ್ರ ಎಲ್ಲಿದ್ದರೂ ಕಳೆಯುವಾಗ ಹೊರಟುಹೋಗುತ್ತದೆ.

ಅರಕಲಗೂಡು ಹುಡುಗಿ

ಮೇಡಂ, ಮಾಡಿಬಿಟ್ಟೆ!! ಭಾನುವಾರ ಊರಿಗೆ ಹೋಗಿದ್ದೆ.

ನಮ್ಮದು ಹೊಗೆಸೊಪ್ಪು ಬೆಳೆಯೋ ಮನೆ. ಸೊಪ್ಪು ಬೇಯಿಸೋ ಬ್ಯಾರನ್ ಇದೆ. ಎತ್ತರದ ಕೋಣೆ, ಕಿಟಕಿ ಇಲ್ಲ, ಬಾಗಿಲು ಹಾಕಿದರೆ ಗಾಳಿ ಅಲ್ಲಾಡಲ್ಲ. ಈ ಸಲದ ಬೇಯಿಸೋದು ಮುಗಿದು ಖಾಲಿ ಬಿದ್ದಿತ್ತು. ಅಣ್ಣ ಮೇಲಿನ ಅಡ್ಡಮರಕ್ಕೆ ತಂತಿ ಬಿಗಿದ. ತೂಕಕ್ಕೆ ಆಲೂಗೆಡ್ಡೆ ತೂಗೋ ಎರಡು ಕೆಜಿ ಕಬ್ಬಿಣದ ಬಟ್ಟು. ಒಂದು ಗೇಣಿನಷ್ಟು ಮಾತ್ರ ಎಳೆದು ಬಿಟ್ವಿ. ನೆಲದ ಮೇಲೆ ಸೀಮೆಸುಣ್ಣದ ಗೆರೆ, ಬಟ್ಟು ಅದನ್ನ ದಾಟಿದಾಗ 'ಸೊನ್ನೆ' ಅಂತ ಶುರು. ಮೊದಲ ಸಲ ಅಣ್ಣ ಮೂವತ್ತಾದ ಮೇಲೆ ಲೆಕ್ಕ ತಪ್ಪಿದ. ಆಮೇಲೆ ಹತ್ತಕ್ಕೊಂದು ಹುಣಸೆಬೀಜ ಇಟ್ಟುಕೊಂಡು ಎಣಿಸಿದ.

ಬಟ್ಟಿನ ನಡುವಿನವರೆಗೆ ಅಂದಾಜು 3.62 ಮೀಟರ್. 50 ಆಂದೋಲನಕ್ಕೆ 191.2, 191.0, 191.3 ಸೆಕೆಂಡು. ಎರಡು ಮೀಟರ್ ಮೇಲೆತ್ತಿದ ಮೇಲೆ 127.8, 128.0, 127.9. ಟಿ ವರ್ಗ ಒಂದು ಕಡೆ 14.618, ಇನ್ನೊಂದು ಕಡೆ 6.543. ವ್ಯತ್ಯಾಸ 8.075. 4ಪೈ² ಗುಣಿಸು 2 ಅಂದರೆ 78.957. ಭಾಗಿಸಿದರೆ 9.778.

ಬೆರಳಿನ ತಪ್ಪು, ಟೇಪಿನ ತಪ್ಪು ಎಲ್ಲ ಸೇರಿಸಿ 0.02 ಅಂತ ಹಾಕಿದ್ದೀನಿ. ಹಾಗಾದರೆ 9.76ರಿಂದ 9.80. 9.81 ಹೊರಗೆ ಬಿತ್ತು ಮೇಡಂ! ಕೂದಲೆಳೆಯಷ್ಟು ಹೊರಗೆ, ಆದರೂ ಹೊರಗೆ.

ಅಪ್ಪ ಬಾಗಿಲಲ್ಲಿ ನಿಂತು ಅಷ್ಟೂ ಹೊತ್ತು ನೋಡಿ, 'ಇದನ್ನ ಕಲಿಯೋಕೆ ಹಾಸನಕ್ಕೆ ಕಳಿಸಬೇಕಿತ್ತಾ' ಅಂದರು.

ಲಾಸ್ಟ್ ಬೆಂಚ್ ಲೋಕೇಶ

ಬ್ಯಾರನ್ನಿನಲ್ಲಿ ಜಿ ಬೇಯಿಸಿದ್ದು ನೀನೊಬ್ಬಳೇ ಇರಬೇಕು. 9.79 ಬರಿ ಅಂದಿದ್ದನ್ನ ವಾಪಸ್ ತಗೊಂಡೆ.

ನಿವೃತ್ತ ಮೇಡಂ, ಶಿವಮೊಗ್ಗ

ಹುಣಸೆಬೀಜಕ್ಕೆ ಹತ್ತಕ್ಕೆ ಹತ್ತು. 0.02 ಅನ್ನುವುದು ಸ್ವಲ್ಪ ಧೈರ್ಯದ ಅಂದಾಜು. ಮೂರರ ಬದಲು ಹತ್ತು ಸಲ ಮಾಡಿದರೆ ನಾನು ಮರುಮಾತಿಲ್ಲದೆ ಒಪ್ಪುತ್ತೇನೆ. ಎರಡು ಮೀಟರನ್ನು ಅಳೆದದ್ದು ಬಟ್ಟು ನೇತಾಡುತ್ತಿರುವಾಗಲೋ, ಬಿಚ್ಚಿಟ್ಟ ಮೇಲೋ? ಇದನ್ನು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಖಂಡಿತ ಕೇಳಬೇಕು, ಕೇಳುವವರಿಗೆ ಹೊಳೆದರೆ.

ಕೆಂಪು ಪೆನ್ನಿನವರ ಹತ್ತಿರ ಜಗಳಕ್ಕೆ ಹೋಗಬೇಡ. ಈ ಹಾಳೆಯನ್ನು ರೆಕಾರ್ಡಿನ ಹಿಂದೆ ಅಂಟಿಸಿ, 'ಸರ್, ಇದನ್ನ ಒಂದು ಸಲ ನೋಡ್ತೀರಾ' ಅಂತ ಕೇಳು.

ಅರಕಲಗೂಡು ಹುಡುಗಿ

ನೇತಾಡ್ತಿರುವಾಗಲೇ ಅಳೆದಿದ್ದು ಮೇಡಂ, ಅಣ್ಣ ಏಣಿ ಮೇಲೆ, ನಾನು ಕೆಳಗೆ. ಇನ್ನೂ ಏಳು ಸಲ ಬಾಕಿ ಅಂತಾಯ್ತು. ಅಪ್ಪನಿಗೆ ಫೋನ್ ಮಾಡಿ, ಮುಂದಿನ ಭಾನುವಾರದವರೆಗೆ ತಂತಿ ಬಿಚ್ಚಬೇಡಿ ಅಂತ ಹೇಳಿದ್ದೀನಿ. ಬಟ್ಟು ಮಾತ್ರ ವಾಪಸ್ ಬೇಕಂತೆ, ಬುಧವಾರ ಆಲೂಗೆಡ್ಡೆ ತೂಗಬೇಕಂತೆ.